ಔಷಧಕ್ಕೆ ಒಗ್ಗುವುದು ದೇಹವೋ, ರೋಗಾಣುವೋ?

ಪರಿಚಿತ ಕುಟುಂಬವೊಂದರ ಹಿರಿಯರನ್ನು ನೋಡುವ ಸಲುವಾಗಿ ಈಚೆಗೆ ಆಸ್ಪತ್ರೆಗೆ ಹೋಗಬೇಕಾಯಿತು. ಸಕ್ಕರೆ ಕಾಯಿಲೆಯುಳ್ಳ ಅವರು ಕಾಲಿನ ವ್ರಣಕ್ಕೆಂದು ಅಲ್ಲಿ ಸೇರಿದ್ದರು. ಮೊದಲ ವಾರ ಜ್ವರ ಇಳಿದು, ಊಟ ರುಚಿಸತೊಡಗಿ, ಮನೆಯವರೆಲ್ಲ ನಿಶ್ಚಿಂತರಾಗಿದ್ದರು. ಮೂರನೆಯ ವಾರ, ಅದೇ ಔಷಧ ನಡೆಯುತ್ತಿರುವಾಗಲೇ, ಜ್ವರ ಮರಳಿತು. ವೈದ್ಯರು ಕೀವನ್ನು ಮತ್ತೊಮ್ಮೆ ಪರೀಕ್ಷೆಗೆ ಕಳುಹಿಸಿ, ಹಳೆಯ ಔಷಧಕ್ಕೆ ಈಗ ರೋಗಾಣುಗಳು ಸಾಯುತ್ತಿಲ್ಲವೆಂದು ತಿಳಿಸಿ, ಬೇರೆ ಔಷಧವನ್ನು ಆರಂಭಿಸಿದರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮಗ, “ಅಪ್ಪಾರ ಮೈ ಔಷಧಕ್ಕ ಒಗ್ಗಿಬಿಟ್ಟೈತ್ರೀ ಶಾಸ್ತ್ರಿಗಳ. ಎಷ್ಟು ಕೊಟ್ಟರೂ ಈಗ ನಾಟವಲ್ದು” ಎಂದು ನಿಟ್ಟುಸಿರಿಟ್ಟರು.

ಈ ಮಾತು ನಮ್ಮ ಮನೆಮನೆಗಳಲ್ಲಿ ಕೇಳಿಬರುವಂಥದು. ಆದರೆ ಇದರಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಅಡಗಿದೆ. ಬದಲಾದುದು ರೋಗಿಯ ದೇಹವಲ್ಲ. ಆ ದೇಹದೊಳಗೆ ಬೀಡುಬಿಟ್ಟ ರೋಗಾಣುಗಳ ಸಮೂಹ. ಈ ವ್ಯತ್ಯಾಸ ಕೇವಲ ಪಂಡಿತರ ಚರ್ಚೆಗೆ ಸೇರಿದ್ದಲ್ಲ. ದೇಹ ಒಗ್ಗಿದ್ದಾದರೆ ಅದು ಆ ಒಬ್ಬರ ಕಷ್ಟವಾಗಿ ಮುಗಿಯುತ್ತಿತ್ತು. ರೋಗಾಣು ಬದಲಾದುದರಿಂದ ಅದು ಪಕ್ಕದ ಮಂಚದವರ ಕಷ್ಟವೂ ಆಗಬಲ್ಲದು.

ಇದು ಹೇಗೆ ನಡೆಯುತ್ತದೆಂಬುದನ್ನು ವಿಚಾರಿಸೋಣ. ಬ್ಯಾಕ್ಟೀರಿಯಾ ಎಂಬ ಏಕಕೋಶ ಜೀವಿಯು ಎರಡಾಗಿ ಒಡೆಯುತ್ತ ಬೆಳೆಯುತ್ತದೆ. ಅನುಕೂಲವಾದ ಸ್ಥಿತಿಯಲ್ಲಿ ಕೆಲವು ಜಾತಿಗಳು ಇಪ್ಪತ್ತು ಮೂವತ್ತು ನಿಮಿಷಗಳಲ್ಲಿಯೇ ಇಮ್ಮಡಿಯಾಗುತ್ತವೆ. ದೇಹದೊಳಗೆ ಅಷ್ಟು ವೇಗವಿಲ್ಲದಿದ್ದರೂ ಆಳವಾದ ವ್ರಣದಲ್ಲಿ ಅವುಗಳ ಸಂಖ್ಯೆ ಕೋಟಿಗಟ್ಟಲೆ ಇರುವುದುಂಟು. ಪ್ರತಿ ಸಲ ಒಡೆಯುವಾಗಲೂ ಅದು ತನ್ನ ವಂಶವಾಹಿಯ ಬರಹವನ್ನು ನಕಲು ಮಾಡಬೇಕು. ಕುರು, ಕೀವು, ರಕ್ತದ ಸೋಂಕುಗಳಿಗೆ ಕಾರಣವಾಗುವ ಸ್ಟೆಫಿಲೊಕಾಕಸ್ ಔರಿಯಸ್ ಎಂಬ ರೋಗಾಣುವಿನಲ್ಲಿ ಈ ಬರಹ ಸುಮಾರು 28 ಲಕ್ಷ ಅಕ್ಷರಗಳಷ್ಟು ಉದ್ದವಾಗಿದೆ. ಎಂಥ ನಿಪುಣ ಲಿಪಿಕಾರನೂ ತಾಳೆಗರಿಯ ಗ್ರಂಥವನ್ನು ಪ್ರತಿ ಮಾಡುವಾಗ ಎಲ್ಲಿಯೋ ಒಂದು ಅಕ್ಷರ ತಪ್ಪುವಂತೆ, ಇಲ್ಲಿಯೂ ಅಪರೂಪಕ್ಕೆ ಒಂದು ತಪ್ಪು ನುಸುಳುತ್ತದೆ. ಹೆಚ್ಚಿನ ತಪ್ಪುಗಳು ನಿರರ್ಥಕ. ಕೆಲವು ಆ ರೋಗಾಣುವಿಗೇ ಮಾರಕ. ಆದರೆ ಕೋಟಿಗಳಲ್ಲಿ ಒಂದಕ್ಕೆ ಆ ತಪ್ಪಿನಿಂದಲೇ ಔಷಧದ ಏಟನ್ನು ತಾಳಿಕೊಳ್ಳುವ ಗುಣ ಬರುತ್ತದೆ.

ಔಷಧವು ಈ ಗುಣವನ್ನು ಕಲಿಸುವುದಿಲ್ಲ, ಆಯ್ದು ಕೊಡುತ್ತದೆ. ಜರಡಿಯು ಕಲ್ಲನ್ನು ಹುಟ್ಟಿಸುವುದಿಲ್ಲ. ಹಿಟ್ಟು ಕೆಳಗಿಳಿದ ಮೇಲೆ ಮೊದಲೇ ಇದ್ದ ಕಲ್ಲು ಮೇಲೆ ಉಳಿದು ಕಾಣುತ್ತದೆ. ಹಾಗೆಯೇ ಪ್ರತಿಜೀವಕ ಔಷಧವು, ಅಂದರೆ ನಾವು ಆಂಟಿಬಯೋಟಿಕ್ ಎನ್ನುವುದು, ಮೆದು ರೋಗಾಣುಗಳನ್ನು ಕೊಂದು ಗಟ್ಟಿಯಾದುವನ್ನು ಉಳಿಸುತ್ತದೆ. ಉಳಿದುವು ಬೆಳೆದು ಬರಿದಾದ ನೆಲವನ್ನೆಲ್ಲ ತುಂಬಿಕೊಳ್ಳುತ್ತವೆ. ಹಿರಿಯರ ಜ್ವರ ಇಳಿದು ಮರಳಿದ್ದು ಹೀಗೆಯೇ ಇರಬೇಕು.

ಇದು ಊಹೆಯಲ್ಲ, ಒಬ್ಬನೇ ರೋಗಿಯಲ್ಲಿ ಹೆಜ್ಜೆಹೆಜ್ಜೆಗೂ ದಾಖಲಾದ ಸಂಗತಿ. 2000ದಲ್ಲಿ ಅಮೆರಿಕದಲ್ಲಿ, ಹುಟ್ಟಿನಿಂದಲೇ ಹೃದಯದ ದೋಷವಿದ್ದ ರೋಗಿಯೊಬ್ಬನ ರಕ್ತಕ್ಕೆ ಸ್ಟೆಫಿಲೊಕಾಕಸ್ ಸೋಂಕು ತಗುಲಿತು. ಸುಮಾರು ಮೂರು ತಿಂಗಳ ಚಿಕಿತ್ಸೆಯಲ್ಲಿ ಮುಖ್ಯವಾಗಿದ್ದುದು ವ್ಯಾಂಕೋಮೈಸಿನ್ ಎಂಬ ಔಷಧ. ಆಗಾಗ ರಕ್ತದಿಂದ ಬೇರ್ಪಡಿಸಿದ ರೋಗಾಣುಗಳನ್ನು ಕಾಯ್ದಿಟ್ಟಿದ್ದರು. ಬಳಿಕ ರಾಕ್‌ಫೆಲರ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಟೊಮಾಸ್ ಮತ್ತು ಸಂಗಡಿಗರು ಅವುಗಳ ವಂಶವಾಹಿಯ ಬರಹವನ್ನು ಓದಿ 2007ರಲ್ಲಿ ಪ್ರಕಟಿಸಿದರು. ವ್ಯಾಂಕೋಮೈಸಿನ್ ಆರಂಭಿಸುವ ಮುನ್ನ ದೊರೆತ ರೋಗಾಣುವಿಗೂ ಕೊನೆಯಲ್ಲಿ ದೊರೆತುದಕ್ಕೂ ನಡುವೆ 35 ಅಕ್ಷರಗಳ ವ್ಯತ್ಯಾಸ ಮಾತ್ರ ಇತ್ತು. 28 ಲಕ್ಷ ಅಕ್ಷರಗಳಲ್ಲಿ 35! ಅಷ್ಟರಿಂದಲೇ ರೋಗಾಣುವನ್ನು ತಡೆಯಲು ಬೇಕಾದ ವ್ಯಾಂಕೋಮೈಸಿನ್ ಪ್ರಮಾಣ ಎಂಟು ಪಟ್ಟು ಏರಿತ್ತು. ಹೊರಗಿನಿಂದ ಹೊಸ ರೋಗಾಣು ಬಂದುದಲ್ಲ. ಅದೇ ವಂಶ ಅದೇ ರಕ್ತದಲ್ಲಿ ಹಂತಹಂತವಾಗಿ ಬದಲಾಗುತ್ತ ಬಂದಿತ್ತು.

ಇನ್ನೊಂದು ಸಂಗತಿ ಮತ್ತೂ ಚಿಂತನೀಯ. ಡ್ಯಾಪ್ಟೋಮೈಸಿನ್ ಎಂಬ ಬೇರೊಂದು ಔಷಧಕ್ಕೂ ಆ ರೋಗಾಣು ಮೊದಲಿನಷ್ಟು ಬಗ್ಗುತ್ತಿರಲಿಲ್ಲ. ರೋಗಿಗೆ ಆ ಔಷಧವನ್ನು ಕೊಟ್ಟೇ ಇರಲಿಲ್ಲ. ಅದಕ್ಕೆ ಅಮೆರಿಕದಲ್ಲಿ ಅಂಗೀಕಾರ ದೊರೆತುದೇ 2003ರಲ್ಲಿ. ಒಂದು ಔಷಧದೊಡನೆ ನಡೆದ ಹೋರಾಟ, ಇನ್ನೂ ಬಳಕೆಗೆ ಬಾರದ ಮತ್ತೊಂದರ ಬಲವನ್ನೂ ತಗ್ಗಿಸಿತ್ತು.

ನಕಲಿನ ತಪ್ಪಲ್ಲದೆ ಎರಡನೆಯ ಮಾರ್ಗವೂ ಇದೆ. ಒಂದು ಜಾತಿಯ ರೋಗಾಣು ತನ್ನ ನಿರೋಧಕ ವಂಶವಾಹಿಯನ್ನು ಇನ್ನೊಂದು ಜಾತಿಗೆ ಕೊಡಬಲ್ಲದು. 2002ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಸಕ್ಕರೆ ಕಾಯಿಲೆ, ಕಾಲಿನ ವ್ರಣ ಮತ್ತು ಮೂತ್ರಪಿಂಡದ ವೈಫಲ್ಯವಿದ್ದ ರೋಗಿಯೊಬ್ಬರಲ್ಲಿ, ವ್ಯಾಂಕೋಮೈಸಿನ್‌ಗೆ ಪೂರ್ಣವಾಗಿ ಮಣಿಯದ ಸ್ಟೆಫಿಲೊಕಾಕಸ್ ಮೊದಲ ಬಾರಿಗೆ ಸಿಕ್ಕಿತು. ಅದೇ ದೇಹದಲ್ಲಿದ್ದ ಎಂಟರೊಕಾಕಸ್ ಎಂಬ, ಸಾಮಾನ್ಯವಾಗಿ ಕರುಳಿನಲ್ಲಿ ವಾಸಿಸುವ ಮತ್ತೊಂದು ಜಾತಿಯಿಂದ ಅದು ಆ ಗುಣವನ್ನು ಪಡೆದಿತ್ತು. ಎರಡು ಜಾತಿಗಳ ಈ ಕೊಡುಕೊಳೆಗೆ ರೋಗಿಯ ದೇಹವೇ ಸಂತೆಯಾಯಿತು. ಸಮಾಧಾನದ ಸಂಗತಿಯೆಂದರೆ, ಸಂಪರ್ಕಕ್ಕೆ ಬಂದವರನ್ನೆಲ್ಲ ಪರೀಕ್ಷಿಸಿದಾಗ ಆ ರೋಗಾಣು ಬೇರೊಬ್ಬರಿಗೆ ಹರಡಿರಲಿಲ್ಲ. ಹುಟ್ಟುವುದನ್ನು ತಡೆಯಲಾಗದಿದ್ದರೂ ಹರಡುವುದನ್ನು ತಡೆಯಬಹುದೆಂಬುದಕ್ಕೆ ಇದು ನಿದರ್ಶನ.

ಆಸ್ಪತ್ರೆಯಲ್ಲಿಯೇ ಇದು ಹೆಚ್ಚಾಗುವುದೇಕೆ ಎಂದು ಕೇಳಬಹುದು. ಅಲ್ಲಿ ಪ್ರಬಲ ಔಷಧಗಳು ಹಗಲಿರುಳು ನಡೆಯುತ್ತವೆ. ರೋಗಿಯ ಸ್ವಂತ ಶಕ್ತಿ ಕುಗ್ಗಿರುತ್ತದೆ. ಮೂತ್ರದ ನಳಿಕೆ, ರಕ್ತನಾಳದ ನಳಿಕೆ, ಉಸಿರಿನ ನಳಿಕೆಗಳ ಮೇಲೆ ರೋಗಾಣುಗಳು ಲೋಳೆಯ ಪೊರೆ ಕಟ್ಟಿಕೊಂಡು ಔಷಧಕ್ಕೆ ಸುಲಭವಾಗಿ ಸಿಗದೆ ಉಳಿಯುತ್ತವೆ. ಒಬ್ಬರಲ್ಲಿ ಬಲಿತದ್ದನ್ನು ಇನ್ನೊಬ್ಬರಿಗೆ ಒಯ್ಯಲು ತೊಳೆಯದ ಒಂದು ಕೈ ಸಾಕು. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಮೃತರಾದರೆಂದು 2022ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿತು.

ಹಾಗಾದರೆ ಮನುಷ್ಯ ಕೈಚೆಲ್ಲಿ ಕೂಡಬೇಕೇ? ಇಲ್ಲ. ಬ್ರಿಟನ್ನಿನಲ್ಲಿ 1947ರಲ್ಲಿ ಕ್ಷಯರೋಗಿಗಳಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದರು. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ ತೀರಿಕೊಂಡರೆ, ವಿಶ್ರಾಂತಿಯನ್ನಷ್ಟೇ ಪಡೆದ 52 ಜನರಲ್ಲಿ 14 ಮಂದಿ ತೀರಿಕೊಂಡರು. ಆದರೆ ಔಷಧ ಪಡೆದ ಬಹುತೇಕರ ದೇಹದಲ್ಲಿ ಅದಕ್ಕೆ ಮಣಿಯದ ಕ್ಷಯಾಣುಗಳು ಎದ್ದು ನಿಂತು, ಆರಂಭದ ಲಾಭ ವರ್ಷಗಳಲ್ಲಿ ಕರಗಿತು. ಆಗ ವೈದ್ಯರು ಎರಡು ಔಷಧಗಳನ್ನು ಒಟ್ಟಿಗೆ ಕೊಡತೊಡಗಿದರು. ಒಂದು ಔಷಧವನ್ನು ತಾಳುವ ರೋಗಾಣು ಲಕ್ಷಗಳಲ್ಲಿ ಒಂದಾದರೆ, ಎರಡನ್ನೂ ತಾಳುವುದು ಲಕ್ಷದ ಲಕ್ಷಗಳಲ್ಲಿ ಒಂದು. ಕ್ಷಯಕ್ಕೆ ಹಲವು ಮಾತ್ರೆಗಳನ್ನು ಒಟ್ಟಿಗೆ ಕೊಡುವುದರ ಮರ್ಮ ಇದೇ. ಮೂರು ಏಕೆ, ಒಂದು ಸಾಲದೇ ಎಂದು ತಾವೇ ಕಡಿಮೆ ಮಾಡಿಕೊಳ್ಳುವವರು ಈ ಲೆಕ್ಕವನ್ನು ನೆನೆಯಬೇಕು.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರಿನಲ್ಲಿ, ನೊಬೆಲ್ ಪುರಸ್ಕಾರದ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದರು. ಒಬ್ಬನು ಅಂಗಡಿಯಲ್ಲಿ ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ಸೇವಿಸುತ್ತಾನೆ. ಅವನಲ್ಲಿ ಬಲಿತ ರೋಗಾಣು ಹೆಂಡತಿಗೆ ಅಂಟುತ್ತದೆ. ಆಕೆಗೆ ಪೆನಿಸಿಲಿನ್ ನಾಟದೆ ಸಾವು ಬರುತ್ತದೆ. ಈ ಸಾವಿಗೆ ಹೊಣೆ ಯಾರು ಎಂಬ ಕಲ್ಪಿತ ಪ್ರಸಂಗವನ್ನು ಅವರು ಸಭೆಯ ಮುಂದಿಟ್ಟಿದ್ದರು.

ಆದುದರಿಂದ ಗೃಹಸ್ಥರು ಪಾಲಿಸಬೇಕಾದುವು ಕೆಲವಿವೆ. ನೆಗಡಿ, ಸಾಮಾನ್ಯ ಶೀತಜ್ವರಗಳಿಗೆ ಕಾರಣ ವೈರಾಣುಗಳು. ಅವುಗಳ ಮೇಲೆ ಪ್ರತಿಜೀವಕಗಳು ಕೆಲಸ ಮಾಡುವುದಿಲ್ಲ, ದೇಹದಲ್ಲಿರುವ ಬ್ಯಾಕ್ಟೀರಿಯಾಗಳನ್ನು ಮಾತ್ರ ಜರಡಿ ಹಿಡಿಯುತ್ತವೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಕೊಳ್ಳಬಾರದು. ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥ ಅದೇ ಎಂದು 2016ರಲ್ಲಿ ಕೇಂದ್ರ ಸರ್ಕಾರ ಪ್ರಚಾರ ಕೈಗೊಂಡಿತ್ತು. ಎಷ್ಟು ದಿನ ಸೇವಿಸಬೇಕೆಂಬುದನ್ನು ವೈದ್ಯರೇ ನಿರ್ಧರಿಸಲಿ. ಜ್ವರ ಇಳಿಯಿತೆಂದು ನಾವೇ ನಿಲ್ಲಿಸುವುದೂ, ಇನ್ನೂ ನಾಲ್ಕು ದಿನ ಇರಲೆಂದು ನಾವೇ ಮುಂದುವರಿಸುವುದೂ ಸಲ್ಲದು. ಹಿಂದೆ ಸೇವಿಸಿದ ಔಷಧಗಳನ್ನು ವೈದ್ಯರಿಂದ ಮುಚ್ಚಿಡಬಾರದು. ಇನ್ನು ರೋಗಿಯನ್ನು ಕಾಣಲು ಹೋದಾಗ ಗುಂಪುಗುಂಪಾಗಿ ಮಂಚದ ಮೇಲೆ ಕೂಡುವುದು, ಪಟ್ಟಿ ನಳಿಕೆಗಳನ್ನು ಮುಟ್ಟುವುದು ಪ್ರೀತಿಯಲ್ಲ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕೈತೊಳೆಯುವುದೇ ಪ್ರೀತಿ.

ಆ ಹಿರಿಯರು ಎರಡು ಬೆರಳುಗಳನ್ನು ಕಳೆದುಕೊಂಡು, ಜೀವ ಉಳಿಸಿಕೊಂಡು ಮನೆಗೆ ಮರಳಿದ್ದಾರೆ. ನೋಡಲು ಹೋದಾಗ ಮಗನು ಕಪಾಟಿನಿಂದ ಒಂದು ಡಬ್ಬಿ ತೆಗೆದು ತೋರಿಸಿದರು. ಅರ್ಧ ಬಳಸಿ ಬಿಟ್ಟ ಮಾತ್ರೆ ಕ್ಯಾಪ್ಸೂಲುಗಳು ಅದರಲ್ಲಿದ್ದುವು. ಕಾಲು ಬಾತಾಗಲೆಲ್ಲ ಎರಡು ದಿನ ಅವನ್ನೇ ಕೊಡುತ್ತಿದ್ದುದಾಗಿ ಹೇಳಿ ಅವರು ತಲೆತಗ್ಗಿಸಿದರು. ಆಸ್ಪತ್ರೆಯಲ್ಲಿ ನಡೆದುದಕ್ಕೆ ಅದೇ ಕಾರಣವೆಂದು ಯಾರೂ ಹೇಳಲಾರರು; ನಾನೂ ಹೇಳಲಿಲ್ಲ. “ಇದನ್ನು ಇಟ್ಟುಕೊಳ್ಳಬೇಡಿ” ಎಂದಷ್ಟೇ ಹೇಳಿದೆ. ಅಂಥ ಡಬ್ಬಿಯೊಂದು ನಮ್ಮ ಮನೆಯಲ್ಲಿಯೂ ಇತ್ತು. ಊರಿಗೆ ಮರಳಿದ ದಿನವೇ ಅದನ್ನು ತೆಗೆಸಿದೆ. ವಾಚಕರೂ ಇಂದು ತಮ್ಮ ಮನೆಯ ಕಪಾಟನ್ನು ಒಮ್ಮೆ ತೆರೆದು ನೋಡಲಿ.