ಊರನ್ನೇ ನೋಡದೆ ಊರ ಹೆಸರಿನ ಚಿಂತೆ

ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು 'ಮಂಗಳೂರಿಗೆ ಹೋಗುವ' ಎಂಬುದು. ಬೆಳಗಿನ ರೈಲು ಹಿಡಿದು ಹೋಗಿ, ಒಂದು ಮಾಲ್ ಸುತ್ತಿ, ಐಸ್‌ಕ್ರೀಂ ತಿಂದು, ಪಣಂಬೂರಿನ ಕಡಲು ನೋಡಿ ರಾತ್ರಿ ಮರಳಿದರೆ ಮಕ್ಕಳಿಗೆ ರಜೆ ಕಳೆಯಿತೆಂದು ನಮಗೆ ತೃಪ್ತಿ. ಎಲ್ಲೆಲ್ಲೂ ಕನ್ನಡ ಬೋರ್ಡು ಕಾಣಸಿಗುತ್ತದೆಂಬ ಸಮಾಧಾನವೂ ಅದರಲ್ಲಿ ಸೇರಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಮಂಗಳೂರಿನ ಮೇಲೆ ನಮಗೆ ಮುನಿಸೂ ಇಲ್ಲ. 1956ರ ತನಕ ನಾವೆಲ್ಲ ಒಂದೇ ಜಿಲ್ಲೆಯವರು. ಆದರೆ 'ಕಾಸರಗೋಡಿನಲ್ಲಿ ನೋಡಲು ಏನಿದೆ?' ಎಂದು ಕನ್ನಡ ಮಾಧ್ಯಮದ ಮಕ್ಕಳೇ ಕೇಳುವಂತಾಗಿರುವುದು ಸಣ್ಣ ಸಂಗತಿಯಲ್ಲ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಅವರ ಕೈಯಲ್ಲಿರುವುದು ಇಡೀ ಕೇರಳಕ್ಕೆ ಬರೆದ ಪಠ್ಯಪುಸ್ತಕದ ಕನ್ನಡ ಅನುವಾದ. ಅದರಲ್ಲಿ ಕುಂಬಳೆ ಸೀಮೆಗೆ ಸಿಗುವ ಜಾಗ ಎಷ್ಟೆಂಬುದು ಪಾಠ ಮಾಡುವ ನಮಗೆ ಗೊತ್ತು. ಪುಸ್ತಕ ಹೇಳದ್ದನ್ನು ಹಿರಿಯರು ಹೇಳಬೇಕಿತ್ತು. ಹಿರಿಯರೋ, ಮಾಲಿನಲ್ಲಿ ಲಿಫ್ಟಿಗೆ ಕಾಯುತ್ತಿದ್ದಾರೆ!

ಕಾಸರಗೋಡಿನಿಂದ ಚಂದ್ರಗಿರಿ ಮಾರ್ಗವಾಗಿ ಕಾಞಂಗಾಡಿಗೆ ಹೋಗುವ ಬಸ್ಸು ದಿನವಿಡೀ ಇದೆ. ಆ ಒಂದೇ ದಾರಿಯಲ್ಲಿ ಕೆಳದಿ ಅರಸರ ಮೂರು ಕೋಟೆಗಳಿವೆ ಎಂಬುದನ್ನು ಎಷ್ಟು ಮಂದಿ ಯೋಚಿಸಿದ್ದೇವೆ? ಸೇತುವೆ ದಾಟಿದೊಡನೆ ಮೇಲ್ಪರಂಬದ ಬಳಿ ಚಂದ್ರಗಿರಿ ಕೋಟೆ. ಇನ್ನಷ್ಟು ತೆಂಕಣಕ್ಕೆ ಬೇಕಲ. ದಾರಿಯ ಕೊನೆಗೆ ಹೊಸದುರ್ಗ. ಮೊದಲಿನ ಎರಡನ್ನು ಹದಿನೇಳನೆಯ ಶತಮಾನದಲ್ಲಿ ಶಿವಪ್ಪ ನಾಯಕ ಕಟ್ಟಿಸಿದನೆಂದೂ ಮೂರನೆಯದು ಸೋಮಶೇಖರ ನಾಯಕನದೆಂದೂ ಚರಿತ್ರೆ ಹೇಳುತ್ತದೆ. ಮಲೆನಾಡಿನ ಅರಸರಿಗೆ ಈ ಕಡಲ ತಡಿಯಲ್ಲಿ ಏನು ಕೆಲಸವೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಒಳ್ಳೆಮೆಣಸು ಎಂದು ಒಂದು ಮಾತು ಹೇಳಿದರೆ ಸಾಕು, ಅರ್ಧ ಪಾಠ ಮುಗಿದಂತೆ. ಮನೆಯ ಹಿತ್ತಿಲಲ್ಲಿ ಬಳ್ಳಿ ಇರುವ ಮಕ್ಕಳಲ್ಲವೇ!

ಬೇಕಲ ಕೋಟೆಯ ವಿಸ್ತಾರ ಸುಮಾರು 40 ಎಕ್ರೆ. ಕೇರಳದ ಕೋಟೆಗಳಲ್ಲೇ ದೊಡ್ಡದು. 1995ರ 'ಬಾಂಬೆ' ಚಿತ್ರದ ಹಾಡಿನಿಂದ ಅದು ದೇಶಕ್ಕೆಲ್ಲ ಪರಿಚಯವಾಯಿತು. ಆದರೆ ಗೋಡೆಯ ಕಿಂಡಿಗಳನ್ನು ಬಗ್ಗಿ ನೋಡಿದವರು ಕಡಿಮೆ. ಮೇಲಿನ ಕಿಂಡಿ ದೂರದ ವೈರಿಗೆ ಗುರಿಯಿಡಲು, ಅದರ ಕೆಳಗಿನದು ಹತ್ತಿರ ಬಂದವನಿಗೆ, ತೀರ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಇದನ್ನು ಒಬ್ಬ ಹುಡುಗನಿಗೆ ತೋರಿಸಿ ನೋಡಿ, ಮತ್ತೆ ಅವನು ಮೊಬೈಲು ಕೇಳುವುದಿಲ್ಲ. 1799ರ ಬಳಿಕ ಬ್ರಿಟಿಷರ ಕಾಲದಲ್ಲಿ ಬೇಕಲವೇ ತಾಲೂಕು ಕೇಂದ್ರವಾಗಿತ್ತು, ಕಾಸರಗೋಡಿಗೆ ಆ ಗೌರವ ಬಂದದ್ದು ಆಮೇಲೆ ಎಂಬುದನ್ನೂ ಅಲ್ಲಿಯೇ ಹೇಳಬಹುದು.

ಇನ್ನು ಹೊಸದುರ್ಗ. ಕಾಞಂಗಾಡಿನ ಪೇಟೆಯೊಳಗೆ ಉಳಿದಿರುವ ಆ ಕೋಟೆಯಲ್ಲಿ ನೋಡಲು ಬಹಳವಿಲ್ಲ, ಮುಕ್ಕಾಗಿ ಹೋಗಿದೆ. ಆದರೆ ಹೆಸರನ್ನು ಗಮನಿಸಿ. ಹೊಸ ದುರ್ಗ! ತಾಲೂಕಿನ ಹೆಸರು ಇಂದಿಗೂ ಅದೇ. ಒಂದಕ್ಷರ ಕನ್ನಡ ಬಾರದ ಮಲಯಾಳಿ ಗುಮಾಸ್ತರೂ ದಿನಕ್ಕೆ ಹತ್ತು ಸಲ ಕಾಗದದ ಮೇಲೆ 'ಹೊಸದುರ್ಗ್' ಎಂದು ಬರೆಯುತ್ತಾರೆ. ಯಾವ ಚಳವಳಿಯೂ ಇಲ್ಲದೆ ಅಲ್ಲಿ ಕನ್ನಡ ಉಳಿದುಕೊಂಡಿದೆ.

ಹೆಸರಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. 2021ರಲ್ಲಿ ನಮ್ಮ ಊರುಗಳ ಹೆಸರು ಮಲಯಾಳಕ್ಕೆ ಬದಲಾಗಲಿದೆಯೆಂಬ ಸುದ್ದಿ ಹಬ್ಬಿದಾಗ ಗಡಿಯ ಆಚೆ ಈಚೆ ದೊಡ್ಡ ಕೋಲಾಹಲವಾಯಿತು. ಅಂತಹ ತೀರ್ಮಾನವಾಗಿಲ್ಲವೆಂದು ಅಧಿಕಾರಿಗಳು ಸ್ಪಷ್ಟಪಡಿಸಿದರು. ಎಚ್ಚರ ಬೇಕು, ನಿಜ. ಆದರೆ ಅಂದು ಹೇಳಿಕೆ ಕೊಟ್ಟವರ ಮನೆಯ ಮಕ್ಕಳಲ್ಲಿ ಎಷ್ಟು ಮಂದಿ ಆ ಊರುಗಳಲ್ಲಿ ಕಾಲಿಟ್ಟಿದ್ದಾರೆಂದು ಕೇಳಿದರೆ ಉತ್ತರ ಕಷ್ಟವಾದೀತು. ಪ್ರವಾಸಿ ತಾಣಗಳಲ್ಲಿ ಕನ್ನಡದ ಫಲಕ ಬೇಕೆಂದು ಕೇಳುವುದು ನ್ಯಾಯವೇ. ಆದರೆ ಓದುವವರು ಅಲ್ಲಿಗೆ ಬರುವುದೇ ಇಲ್ಲವಾದರೆ ನಮ್ಮ ಮನವಿಗೆ ಯಾರು ಕಿವಿಗೊಟ್ಟಾರು?

ಕೋಟೆ ಬೇಡವೆನ್ನುವವರು ಎಡನೀರಿಗೆ ಹೋಗಲಿ. ಚೆರ್ಕಳದಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಮಧುವಾಹಿನಿಯ ದಡದ ಮಠ. ಅಲ್ಲಿನ ಸ್ವಾಮಿಗಳಾಗಿದ್ದ ಶ್ರೀ ಕೇಶವಾನಂದ ಭಾರತಿಗಳು ಭೂಸುಧಾರಣಾ ಕಾಯಿದೆಯ ವಿಷಯದಲ್ಲಿ ಕೇರಳ ಸರಕಾರದ ಮೇಲೆ ಹೂಡಿದ ದಾವೆ ಎಲ್ಲಿಂದೆಲ್ಲಿಗೋ ಹೋಯಿತು. 13 ಮಂದಿ ನ್ಯಾಯಾಧೀಶರ ಪೀಠವು 1973ರ ಎಪ್ರಿಲ್ 24ರಂದು, 7 ಮಂದಿಯ ಬಹುಮತದಿಂದ, ಸಂವಿಧಾನದ ಮೂಲರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲವೆಂದು ತೀರ್ಪಿತ್ತಿತು. ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಓದುವ ಈ ಹೆಸರು ನಮ್ಮ ಪಕ್ಕದ ಊರಿನದು. ಅದೇ ಸ್ವಾಮಿಗಳು ಯಕ್ಷಗಾನದ ಪದಗಳನ್ನು ಸೊಗಸಾಗಿ ಹಾಡುತ್ತಿದ್ದರು. 2020ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಬರೆದುದನ್ನು ಓದಿಯೇ ಎಷ್ಟೋ ಮಕ್ಕಳಿಗೆ ಸಂಗತಿ ತಿಳಿದದ್ದು.

ಮಧೂರಿಗೆ ಹೋಗಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಅಪ್ಪಪ್ರಸಾದದ ರುಚಿಯೇ ಕರೆದೊಯ್ಯುತ್ತದೆ. ಬಬಿಯಾ ಮೊಸಳೆ 2022ರಲ್ಲಿ ಕಾಲವಾದ ಮೇಲೂ ಅನಂತಪುರದ ಕೆರೆಯ ನಡುವಿನ ಗುಡಿಗೆ ಜನ ಬರುತ್ತಿದ್ದಾರೆ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಯನ್ನೂ ನಮ್ಮ ಮಕ್ಕಳು ಕಾಣಬೇಕು, ನೆರೆಯವರ ಹಿರಿಮೆ ತಿಳಿಯದೆ ನಮ್ಮದೂ ತಿಳಿಯುವುದಿಲ್ಲ. ಬಡಗಣಕ್ಕೆ ಹೋದರೆ ಕುಂಬಳೆ, ಪಾರ್ತಿಸುಬ್ಬನ ಊರು. ಮತ್ತೂ ಮುಂದೆ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ, ಗಿಳಿವಿಂಡು. ಮಂಗಳೂರಿನ ರೈಲು ಪ್ರತಿಸಲವೂ ಇವೆರಡನ್ನೂ ದಾಟಿಯೇ ಹೋಗುತ್ತದೆ.

ಶಾಲೆಗಳಿಗೂ ನಮ್ಮದೊಂದು ಮಾತಿದೆ. ಪ್ರವಾಸವೆಂದರೆ ಮೈಸೂರು, ವಂಡರ್‌ಲಾ, ರಾತ್ರಿ ಬಸ್ಸು, ತಲೆಗೆ ಸಾವಿರಾರು ರೂಪಾಯಿ ಎಂದಾಗಿದೆ. ಹಣ ಹೊಂದಿಸಲಾರದ ಬೀಡಿ ಕಾರ್ಮಿಕರ, ತೋಟದ ಕೂಲಿಯವರ ಮಕ್ಕಳು ಆ ದಿನ 'ಹೊಟ್ಟೆನೋವು' ಎಂದು ಮನೆಯಲ್ಲಿ ಉಳಿಯುತ್ತಾರೆ. ಈ ಹೊಟ್ಟೆನೋವಿನ ಮದ್ದು ಅಧ್ಯಾಪಕರಿಗೆಲ್ಲ ಗೊತ್ತಿದೆ. ಚಂದ್ರಗಿರಿಗೆ ಹೋಗಿಬರಲು ಬುತ್ತಿ ಮತ್ತು ಬಸ್ಸಿನ ಚಿಲ್ಲರೆ ಸಾಕು, ಇಡೀ ತರಗತಿ ಹೋಗಬಹುದು. ಕೋಟೆಯ ಮೇಲೆ ನಿಂತರೆ ಹೊಳೆ ಕಡಲನ್ನು ಸೇರುವುದು ಕಾಣುತ್ತದೆ. ಈ ಹೊಳೆಯ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತ್ತು. ಅದು ಕಡತದಲ್ಲಿ ಉಳಿಯಿತು. ಕೋಟೆ ಇರುವುದು ಹೊಳೆಯ ತೆಂಕು ದಡದಲ್ಲಿ ಎಂಬುದನ್ನೂ ಮಕ್ಕಳು ನೋಡಲಿ.

ಓಣಂ ರಜೆ ಇದಕ್ಕೆ ತಕ್ಕ ಸಮಯ. ಬೆಳಿಗ್ಗೆಯೇ ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಹಿಂದೆ ಬರುತ್ತ ಬೇಕಲ ನೋಡಿ, ಬಿಸಿಲಿಳಿಯುವ ಹೊತ್ತಿಗೆ ಚಂದ್ರಗಿರಿಗೆ ತಲುಪಿದರೆ ಒಳ್ಳೆಯದು. ಆ ದಿನಗಳಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಮುರಕಲ್ಲಿನ ಮೆಟ್ಟಿಲು ಪಾಚಿ ಹಿಡಿದು ಜಾರುತ್ತದೆ. ಕೊಡೆ ಇರಲಿ, ಸಣ್ಣ ಮಕ್ಕಳ ಕೈ ಹಿಡಿದುಕೊಳ್ಳಿ.