ಕೃಷ್ಣೆಯ ಮೇಲೆ ಸಂಜೆ ದೋಣಿ ಬರಲಿ, ಮೊದಲು ಪುಟ್ಟಿಗೆ ರಕ್ಷಣೆ ಸಿಗಲಿ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯವರು ಮಕ್ಕಳು ಮರಿ ಕಟ್ಟಿಕೊಂಡು ಹೈದರಾಬಾದಿಗೆ ಹೋದರೆ ಒಂದು ಸಂಜೆ ಹುಸೇನ್‌ಸಾಗರಕ್ಕೆ ಮೀಸಲು. ಲುಂಬಿನಿ ಪಾರ್ಕಿನಲ್ಲಿ ಟಿಕೆಟ್ ತೆಗೆದುಕೊಂಡು ದೋಣಿ ಹತ್ತುತ್ತಾರೆ, 1992ರಲ್ಲಿ ಕೆರೆಯ ನಡುವೆ ನಿಲ್ಲಿಸಿದ ಬುದ್ಧನ ಪಾದದ ಬಳಿ ಇಳಿಯುತ್ತಾರೆ. ರಸ್ತೆಯಲ್ಲಿ ತುಂಡುತುಂಡಾಗಿ ಕಾಣುವ ಮಹಾನಗರ ನೀರಿನ ಮೇಲಿಂದ ಒಂದೇ ನೋಟಕ್ಕೆ ಸಿಗುತ್ತದೆ. ಕಾಶಿಯ ಘಾಟಿನಲ್ಲೂ ಇಸ್ತಾಂಬುಲಿನ ಬಾಸ್ಫರಸ್ಸಿನಲ್ಲೂ ಸಂಜೆಯ ದೋಣಿಗೆ ಜನ ಮುಗಿಬೀಳುವುದು ಇದಕ್ಕೇ.

ಇವರ ಊರ ಮಗ್ಗುಲಲ್ಲಿ ಇರುವುದು ಕೆರೆಯಲ್ಲ, ಕೃಷ್ಣಾ ನದಿ. ತಂಗಡಿಯ ಬಳಿ ಭೀಮೆಯನ್ನು ಕೂಡಿಕೊಂಡು, ಬಂಡೆಗಳ ನಡುವೆ ಕವಲೊಡೆದು, ನಡುಗಡ್ಡೆಗಳನ್ನು ಬಳಸಿ, 1995ರಲ್ಲಿ ಪೂರ್ಣಗೊಂಡ ಜುರಾಲಾ ಅಣೆಕಟ್ಟಿನ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಆ ನಡುಗಡ್ಡೆಗಳಲ್ಲೊಂದು, ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರ ಕುರುವಪುರ. ಆಡಳಿತದಲ್ಲಿ ಅದು ರಾಯಚೂರು ಜಿಲ್ಲೆಯದು. ದೋಣಿ ಹತ್ತುವ ಪಂಚದೇವಪಹಾಡ ಮಕ್ತಲ್ ಮಂಡಲದ್ದು. ಮಹಾರಾಷ್ಟ್ರದಿಂದ, ಕರ್ನಾಟಕದಿಂದ ಬರುವ ದತ್ತಭಕ್ತರು ತೆಲಂಗಾಣದ ದಡದಲ್ಲಿ ದೋಣಿ ಹತ್ತಿ ಕರ್ನಾಟಕದಲ್ಲಿ ಇಳಿಯುತ್ತಾರೆ.

ಈ ನೀರಿನ ಹಳೆಯ ವಾಹನ ಪುಟ್ಟಿ. ಬಿದಿರು ಹೆಣೆದ ದುಂಡನೆಯ ತೆಪ್ಪ. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಇಂಥವನ್ನೇ ಕಂಡು, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಸದಾ ಗಿರಗಿರ ತಿರುಗುತ್ತಲೇ ಸಾಗುತ್ತವೆ ಎಂದು ಬರೆದಿಟ್ಟಿದ್ದಾನೆ. ಇವತ್ತಿಗೂ ತಿರುಗುತ್ತಲೇ ಸಾಗುತ್ತದೆ. ಭಾರ ಒಂದು ಕಡೆಗೆ ವಾಲದಂತೆ ಎಲ್ಲರೂ ಸುತ್ತಲೂ ಕೂರಬೇಕು, ಅಂಬಿಗ ಹೇಳುವವರೆಗೆ ಯಾರೂ ಏಳಬಾರದು. ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುವ ಅವನಿಗೆ ಯಾವ ಬಂಡೆ ಎಷ್ಟು ನೀರಿಗೆ ಮುಳುಗುತ್ತದೆ ಎಂಬುದು ಗೊತ್ತು. ಆ ತಿಳಿವಳಿಕೆ ಯಾವ ನಕ್ಷೆಯಲ್ಲೂ ಇಲ್ಲ.

ಆದರೆ ಪ್ರವಾಹದ ಮುಂದೆ ಅದೊಂದೇ ಸಾಲದು. 2020ರ ಆಗಸ್ಟ್‌ನಲ್ಲಿ ಪಂಚದೇವಪಹಾಡದ ಬಳಿ ತುಂಬಿದ ಹೊಳೆಯಲ್ಲಿ ಪುಟ್ಟಿಯೊಂದು ಮಗುಚಿತು. ಅದರಲ್ಲಿದ್ದವರು 13 ಜನ, ಕುರ್ವಕಲಾ ನಡುಗಡ್ಡೆಯವರು. ನಾಲ್ವರು ನೀರುಪಾಲಾದರು. ಅವರು ವಿಹಾರಕ್ಕೆ ಹೊರಟವರಲ್ಲ. ಹೊಳೆ ದಾಟದೆ ಅವರ ದಿನ ಸಾಗುವುದಿಲ್ಲ. ಸೇತುವೆಗಾಗಿ ಈ ನಡುಗಡ್ಡೆಗಳ ಜನ ಕೇಳುತ್ತಾ ಬಂದು ವರ್ಷಗಳೇ ಆದವು.

ತೆಲಂಗಾಣ ಪ್ರವಾಸೋದ್ಯಮ ನಿಗಮ ಕೆಳಗಿನ ಸೋಮಶಿಲದಿಂದ ಶ್ರೀಶೈಲದವರೆಗೆ, ಸುಮಾರು 120 ಕಿ.ಮೀ. ಕೃಷ್ಣೆಯ ಮೇಲೆ ದೋಣಿ ನಡೆಸಿ ತೋರಿಸಿದೆ. ಮೇಲಿನ ಈ ಹರಿವಿಗೆ ಪುಟ್ಟದೊಂದು ಸಂಜೆ ವಿಹಾರ ಖಂಡಿತ ಸಲ್ಲಬೇಕು. ಪಂಚದೇವಪಹಾಡದಿಂದ ಹೊರಟು ಕುರುವಪುರವನ್ನು ಸುತ್ತಿ ಮರಳಲಿ, ವಿವರಣೆ ಕನ್ನಡ, ತೆಲುಗು, ಮರಾಠಿಯಲ್ಲಿರಲಿ. ಬಂದವರು ಒಂದು ದಿನ ಉಳಿದರೆ ಗದ್ವಾಲದ ಕೋಟೆ ನೋಡುತ್ತಾರೆ, ನಾರಾಯಣಪೇಟೆಯ ಮಗ್ಗದ ಸೀರೆ ಕೊಳ್ಳುತ್ತಾರೆ, ಬಾದಾಮಿ ಚಾಲುಕ್ಯರು ಕಟ್ಟಿಸಿದ ಆಲಂಪುರದ ನವಬ್ರಹ್ಮ ಗುಡಿಗಳಿಗೂ ಹೋಗುತ್ತಾರೆ. ಪುಣ್ಯಕ್ಷೇತ್ರದಲ್ಲಿ ಮೋಜಿನ ದೋಣಿ ಯಾಕೆ ಎಂದು ಕೇಳುವವರಿದ್ದಾರೆ. ಅವರ ಅಳುಕು ನ್ಯಾಯವಾದದ್ದೇ. ದೋಣಿಯಲ್ಲಿ ಧ್ವನಿವರ್ಧಕದ ಅಬ್ಬರ, ಕುಡಿತ ಬೇಡವೆಂದು ಮೊದಲೇ ಷರತ್ತು ಹಾಕಿದರೆ ಆಯಿತು.

ಸಂಜೆ ಎಂಬ ಮಾತಿನಲ್ಲೇ ಅಪಾಯವೂ ಇದೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿ ಮೀರಿ ಜನ ತುಂಬಿಕೊಂಡು ಕತ್ತಲಾದ ಮೇಲೆ ಹೊರಟ ವಿಹಾರದ ದೋಣಿ ಮಗುಚಿ 22 ಜನ ಸತ್ತರು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಹೋದರು. ವಿಹಾರವಾಗಲಿ, ಜಾತ್ರೆಯಾಗಲಿ, ಜನ ಹೆಚ್ಚಾದಾಗ ಇನ್ನು ಹತ್ತಿಸಬೇಡ ಎಂದು ಹೇಳುವ ಅಧಿಕಾರವುಳ್ಳ ಒಬ್ಬ ಮನುಷ್ಯ ದಡದಲ್ಲಿರಬೇಕು.

2021ರ ಒಳನಾಡು ಹಡಗು ಕಾಯ್ದೆ ಯಂತ್ರದ ದೋಣಿಗೆ ನೋಂದಣಿ, ತಪಾಸಣೆ ಕಡ್ಡಾಯ ಮಾಡಿದೆ. ಯಂತ್ರವಿಲ್ಲದವನ್ನು ಸ್ಥಳೀಯ ಸಂಸ್ಥೆಗಳಲ್ಲಿ ದಾಖಲಿಸುವ ದಾರಿಯನ್ನೂ ತೆರೆದಿದೆ. ಮಕ್ತಲ್ ಒಂದು ರಾಜ್ಯ, ನಡುಗಡ್ಡೆ ಇನ್ನೊಂದು ರಾಜ್ಯ ಎಂಬ ನೆಪಕ್ಕೆ ಇಲ್ಲಿ ಅವಕಾಶ ಇರಬಾರದು. ರಾಯಚೂರು, ನಾರಾಯಣಪೇಟೆ ಜಿಲ್ಲಾಧಿಕಾರಿಗಳು ಒಟ್ಟಿಗೆ ಕುಳಿತು ಒಂದೇ ನಿಯಮ ಮಾಡಲಿ: ಪುಟ್ಟಿಗೂ ದೋಣಿಗೂ ಜನಮಿತಿ ಬರೆಸಿ, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಕೊಡಿ, ಮೇಲಿನಿಂದ ನೀರು ಬಿಟ್ಟ ದಿನ ಸಂಚಾರ ನಿಲ್ಲಿಸಿ, ಆ ದಿನಗಳಲ್ಲಿ ನಡುಗಡ್ಡೆಯವರಿಗೆ ಸರ್ಕಾರಿ ಬೋಟು ಒದಗಿಸಿ. ಹೊಸ ದೋಣಿಯ ಚುಕ್ಕಾಣಿಗೆ ಈ ಹೊಳೆಯ ಅಂಬಿಗರನ್ನೇ ತರಬೇತಿ ಕೊಟ್ಟು ನೇಮಿಸಿ. ಇಷ್ಟಾದ ಮೇಲೆ ಸಂಜೆಯ ಟಿಕೆಟ್ ಮಾರಾಟಕ್ಕೆ ಇಡಿ.