ಬೂಸಾ ಎನ್ನುವ ಹಕ್ಕು ಯಾರಪ್ಪನದು?

ಮಣಿಪಾಲದಿಂದ ಈಶ್ವರನಗರ ದಾಟಿ ಬಂದರೆ ನಮ್ಮ ಪರ್ಕಳ. ಹಿರಿಯಡ್ಕಕ್ಕೆ, ಕಾರ್ಕಳಕ್ಕೆ, ಆಗುಂಬೆಗೆ ಹೋಗುವವರೆಲ್ಲ ಹಾಯುವ ದಾರಿ. ಹಾಸ್ಟೆಲಿನ ಕಟ್ಟುಪಾಡು ಬೇಡವೆಂದ ಹುಡುಗರು ಇಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಾರೆ. ದೆಹಲಿ, ಪುಣೆ, ಕೊಚ್ಚಿ, ಬೆಂಗಳೂರಿನವರು. ಸಂಜೆ ಚಾದಂಗಡಿಯ ಬೆಂಚಿನ ಮೇಲೆ ಅವರ ಸಭೆ ಸೇರುತ್ತದೆ. ವಿಷಯ ಪರೀಕ್ಷೆಯಲ್ಲ, ಚುನಾವಣೆಯೂ ಅಲ್ಲ. ಹೊಸದಾಗಿ ಬಂದ ರಾಕ್ ಆಲ್ಬಮ್ಮುಗಳು. ಅದರಲ್ಲೂ ದೊಡ್ಡ ಕಂಪನಿಗಳ ಹಂಗಿಲ್ಲದೆ ಮಾಡಿದ್ದೆಂದು ಹೇಳಿಕೊಳ್ಳುವ ಇಂಡಿ ಆಲ್ಬಮ್ಮುಗಳು. ಡಬ್ಲಿನ್ನಿನ ಫಾಂಟೇನ್ಸ್ ಡಿ.ಸಿ. ತಂಡದ 2024ರ 'ರೊಮಾನ್ಸ್' ಹಳೆಯ ಉರಿ ಕಳಕೊಂಡಿದೆ ಎಂದು ಒಬ್ಬ. ಅಲ್ಲವೇ ಅಲ್ಲ, ಈಗಲೇ ಪಕ್ವವಾಗಿದೆ ಎಂದು ಇನ್ನೊಬ್ಬ. 'ದಿ ಕ್ಯೂರ್' 16 ವರ್ಷ ಸುಮ್ಮನಿದ್ದು 2024ರಲ್ಲಿ ತಂದ ಆಲ್ಬಮ್ಮಿಗೆ ಹತ್ತಕ್ಕೆ ಒಂಬತ್ತು. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿಯ 'ಬೀಟಾ'ಕ್ಕೆ ಒಬ್ಬನಿಂದ ಎಂಟು, ಇನ್ನೊಬ್ಬನಿಂದ ನಾಲ್ಕು. ಮೇಷ್ಟ್ರು ಉತ್ತರಪತ್ರಿಕೆ ತಿದ್ದಿದ ಹಾಗೆ. 'ಇದು ಕಸ' ಎಂದು ಹೇಳಿ ಚಾ ಕುಡಿದು ಏಳುತ್ತಾರೆ.

ಪಕ್ಕದ ಬೆಂಚಿನಲ್ಲಿ ನಾವು. ನಮ್ಮಲ್ಲಿ ಕೊರಗರಿದ್ದೇವೆ, ಮುಂಡಾಲರಿದ್ದೇವೆ, ನಲಿಕೆಯವರಿದ್ದೇವೆ. ನಮ್ಮ ನಮ್ಮ ಮನೆಗಳಲ್ಲಿ ಡಿಗ್ರಿ ಅಂತ ಒಂದು ಕಾಗದ ತಂದವರಲ್ಲಿ ನಾವೇ ಮೊದಲಿಗರು. ಒಬ್ಬ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಸೆಕ್ಯುರಿಟಿ, ಒಬ್ಬ ಅವರದೇ ಕೋಣೆಗಳಿಗೆ ಬಿರಿಯಾನಿ ಪೊಟ್ಟಣ ಮುಟ್ಟಿಸುವವ, ಒಬ್ಬ ಬಿ.ಎಡ್. ಮುಗಿಸಿ ನೇಮಕಾತಿಗೆ ಕಾಯುವವ. ಮೊದಲೇ ಹೇಳಿಬಿಡುತ್ತೇವೆ: ನಮಗೂ ಈ ಸಂಗೀತ ಇಷ್ಟ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಗೇಟಿನಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದ ಗಿಟಾರು ನಮ್ಮ ನಿದ್ದೆಯನ್ನೂ ಸಿಟ್ಟನ್ನೂ ಕಾದಿದೆ. ಆದ್ದರಿಂದ ಇದು ಸಂಗೀತದ ಮೇಲಿನ ಜಗಳವಲ್ಲ. ತೀರ್ಪು ಕೊಡುವ ಕುರ್ಚಿಯ ಮೇಲಿನ ಜಗಳ.

ಒಂದು ಸಂಜೆ ನಮ್ಮವನೊಬ್ಬ ಬಾಯಿ ಹಾಕಿದ. ಅವರು ಹತ್ತಕ್ಕೆ ಎಂಟು ಕೊಟ್ಟಿದ್ದ ಆಲ್ಬಮ್ಮಿನ ಮೂರನೇ ಹಾಡಿನಲ್ಲಿ ಡ್ರಮ್ಮು ಹಾಡಿಗಿಂತ ಮುಂದೆ ಓಡುತ್ತದೆ, ಹಾಡುವವನಿಗೆ ಉಸಿರು ತಕ್ಕೊಳ್ಳಲು ಬಿಡುವುದಿಲ್ಲ ಎಂದ. ಅವರು ತಿರುಗಿ ನೋಡಿದರು. ಅವರಲ್ಲೊಬ್ಬ ನಗುತ್ತ, ನಿಜವಾಗಿ ಸ್ನೇಹದಿಂದಲೇ, "ಭಯ್ಯಾ, ನೀವೂ ಇದೆಲ್ಲ ಕೇಳ್ತೀರಾ?" ಎಂದ. ಆ ಪ್ರಶ್ನೆಯಲ್ಲಿ ಕೆಡುಕಿರಲಿಲ್ಲ. ಕೆಡುಕಿದ್ದಿದ್ದರೆ ಉತ್ತರ ಕೊಡುವುದು ಸುಲಭವಿತ್ತು. ಡ್ರಮ್ಮಿನ ಬಗ್ಗೆ ಅವನು ಹೇಳಿದ್ದು ಸರಿಯೋ ತಪ್ಪೋ ಎಂದು ಯಾರೂ ವಾದಿಸಲಿಲ್ಲ. ಬಿರಿಯಾನಿ ತರುವವ ಕೇಳುತ್ತಾನೆ ಎನ್ನುವುದೇ ಅವತ್ತಿನ ಸುದ್ದಿಯಾಯಿತು.

ಗೆಳೆಯರೇ, ಈ ಪ್ರಶ್ನೆ ಹೊಸದಲ್ಲ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಅದೊಂದು ಅಭಿಪ್ರಾಯ. ಓದಿದವನೊಬ್ಬ ತಾನು ಓದಿದ್ದರ ಬಗ್ಗೆ ಹೇಳಿದ ಮಾತು. ಅದೇ ಮಾತನ್ನು ಆ ಕಾಲದ ನವ್ಯರು ನವೋದಯದವರ ಬಗ್ಗೆ ಬೇರೆ ಬೇರೆ ಪದಗಳಲ್ಲಿ ಹೇಳುತ್ತಲೇ ಇದ್ದರು. ಅದಕ್ಕೆ ವಿಮರ್ಶೆ ಅಂತ ಹೆಸರು ಬಂತು. ಬಸವಲಿಂಗಪ್ಪ ಹೇಳಿದಾಗ ಬೀದಿಗೆ ಬೆಂಕಿ ಬಿತ್ತು. ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು. ಮಂತ್ರಿ ಪದವಿ ಹೋಯಿತು. ಆ ಗಾಯದಿಂದಲೇ ನಮ್ಮ ಸಂಘರ್ಷ ಎದ್ದು ನಿಂತಿತು ಎಂಬುದು ಈ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಚಾದಂಗಡಿಯ ಹುಡುಗ ದಿನಕ್ಕೆ ನಾಲ್ಕು ಆಲ್ಬಮ್ಮಿಗೆ ಬೂಸಾ ಅನ್ನುತ್ತಾನೆ. ಅವನ ಒಂದು ಕೂದಲೂ ಕೊಂಕುವುದಿಲ್ಲ. ಕೊಂಕಬೇಕು ಅಂತ ನಾವು ಹೇಳುತ್ತಿಲ್ಲ. ಅವನಿಗಿರುವ ಆ ಸಲೀಸು ನಮಗೆ ಯಾಕಿಲ್ಲ ಎಂದಷ್ಟೇ ಕೇಳುತ್ತಿದ್ದೇವೆ.

ಅಭಿಪ್ರಾಯ ಹೇಳುವ ಮಾತು ಹಾಗಿರಲಿ, ಕೇಳುವುದಕ್ಕೇ ಏಟು ಬೀಳುವ ನಾಡು ಇದು. 2021ರ ಡಿಸೆಂಬರ್ 27ರ ರಾತ್ರಿ ನಮ್ಮದೇ ಜಿಲ್ಲೆಯ ಕೋಟತಟ್ಟು ಗ್ರಾಮದ ಕೊರಗ ಕಾಲನಿಯಲ್ಲಿ ಮದುವೆಯ ಮೆಹಂದಿ. ಮನೆಯೆದುರು ಡೀಜೆ ಹಾಕಿ ಹುಡುಗರು ಕುಣಿಯುತ್ತಿದ್ದರು. ಸದ್ದು ಜಾಸ್ತಿಯಾಯಿತೆಂದು ಪೊಲೀಸರು ಬಂದು ಲಾಠಿ ಬೀಸಿದರು. ಮದುಮಗನಿಗೂ ಬಿತ್ತು. ಗಲಾಟೆಯಾದ ಮೇಲೆ ಎಸ್ಸೈ ಅಮಾನತಾದರು, ಮಂತ್ರಿಗಳು ಬಂದು ಹೋದರು. ಜತೆಗೇ ಪೊಲೀಸರ ಮೇಲೆ ಕೈಮಾಡಿದರೆಂದು ಕೊರಗರ ಮೇಲೂ ಕೇಸು ಬಿತ್ತು. ನೆನಪಿಡಿ, ಈ ಕರಾವಳಿಯಲ್ಲಿ ಕೊರಗರ ಡೋಲಿಲ್ಲದೆ ಕಂಬಳ ನಡೆಯುತ್ತಿರಲಿಲ್ಲ. ಧನಿಗಳ ಗದ್ದೆಯಲ್ಲಿ ರಾತ್ರಿಯಿಡೀ ಬಾರಿಸಿದರೆ ಅದು ಸಂಪ್ರದಾಯ. ಕಂಬಳಕ್ಕೆ ಮುಂಚೆ ಕೋಣಗಳಂತೆ ಅವರನ್ನು ಓಡಿಸಿದರು, ಉಗುರು ಕೂದಲು ಕಲಸಿದ ಅನ್ನ ತಿನ್ನಿಸಿದರು. ಅದಕ್ಕೆ ಅಜಲು ಎಂದು ಹೆಸರಿಟ್ಟರು. ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ, ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ. ಧನಿಗಳಿಗಾಗಿ ಮಾಡಿದ ಸದ್ದಿಗೆ ಯಾರೂ ಡೆಸಿಬಲ್ ಅಳೆಯಲಿಲ್ಲ. ತಮ್ಮ ಮನೆಯ ಮದುವೆಗೆ, ತಮ್ಮ ಖುಷಿಗೆ ಹಾಕಿಕೊಂಡ ಹಾಡು ಮಾತ್ರ ಊರಿನ ನಿದ್ದೆ ಕೆಡಿಸಿತು.

ಈಗ ಇಂಡಿ ಎಂಬ ಪದಕ್ಕೆ ಬರೋಣ. ಸ್ವತಂತ್ರ ಅಂತ ಅರ್ಥವಂತೆ. ಯಾರಿಂದ ಸ್ವತಂತ್ರ? ಕಂಪನಿಯಿಂದ ಅಂತಾರೆ. ಒಳ್ಳೆಯದೇ. ಆದರೆ ಗಿಟಾರು, ಆಂಪ್ಲಿಫೈಯರು, ತಿಂಗಳಾನುಗಟ್ಟಲೆ ದುಡಿಯದೆ ಕೋಣೆಯಲ್ಲಿ ಕೂತು ಹಾಡು ಕಟ್ಟುವ ಬಿಡುವು, ಇಂಗ್ಲಿಷು, ಅಪ್ಪನ ಕಾರು — ಇವೆಲ್ಲ ಎಲ್ಲಿಂದ ಬಂದವು? ಕಂಪನಿಯನ್ನು ಬಿಟ್ಟವನು ಅಪ್ಪನ ಆಸ್ತಿಯನ್ನು ಬಿಟ್ಟನೋ? ಜಾತಿಯನ್ನು ಬಿಟ್ಟನೋ? ಹಾಡಿನ ಮಾರುಕಟ್ಟೆಯಿಂದ ಸ್ವತಂತ್ರನಾಗುವುದು ಮದುವೆಯ ಮಾರುಕಟ್ಟೆಯಿಂದ ಸ್ವತಂತ್ರನಾಗುವುದಕ್ಕಿಂತ ಬಹಳ ಸುಲಭ.

ಇನ್ನೊಂದು ತಮಾಷೆ. ಫಾಂಟೇನ್ಸ್ ಡಿ.ಸಿ.ಯವರ ಮೊದಲ ಆಲ್ಬಮ್ 2019ರ 'ಡಾಗ್ರೆಲ್'. ದುಡಿಯುವ ಜನರ ಒರಟು ಪದ್ಯಕ್ಕೆ ಇರುವ ಹೆಸರಿನಿಂದ ತೆಗೆದ ಹೆಸರು ಅದು. ಅವರು ಡಬ್ಲಿನ್ನಿನ ಬೀದಿಯ ಉಚ್ಚಾರದಲ್ಲೇ, ಅದನ್ನು ತೀಡದೆ, ತೊಳೆಯದೆ ಹಾಡಿದರು. ನಮ್ಮ ಚಾದಂಗಡಿಯ ಗೆಳೆಯರು ಆ ಉಚ್ಚಾರವನ್ನು ಹೊಗಳಿದ್ದೇ ಹೊಗಳಿದ್ದು. ಅದೇ ಗೆಳೆಯರು ನಮ್ಮ ಬಿ.ಎಡ್. ಮುಗಿಸಿದವ ಇಂಗ್ಲಿಷ್ ಮಾತಾಡಿದರೆ ತುಳುವಿನ ಎಳೆತ ಕೇಳಿ ತುಟಿ ಕಚ್ಚುತ್ತಾರೆ. ಡಬ್ಲಿನ್ನಿನ ಬಡವನ ನಾಲಗೆ ಕಲೆ, ಪರ್ಕಳದ ಬಡವನ ನಾಲಗೆ ನಗೆಪಾಟಲು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ದೂರದ ಬಡತನವೂ ಹಾಗೆಯೇ.

ರಾಕ್ ಸಂಗೀತದ ಬೇರು ಎಲ್ಲಿದೆ ಎಂದು ಆ ಬೆಂಚಿನಲ್ಲಿ ಎಲ್ಲರಿಗೂ ಗೊತ್ತು. ಅಮೆರಿಕದ ಹತ್ತಿ ಹೊಲಗಳಲ್ಲಿ ಬೆನ್ನು ಬಗ್ಗಿಸಿದ ಕಪ್ಪುಜನರ ಬ್ಲೂಸ್. 'ಹೌಂಡ್ ಡಾಗ್' ಹಾಡನ್ನು ಮೊದಲು ಹಾಡಿದ್ದು ಬಿಗ್ ಮಾಮಾ ಥಾರ್ನ್ಟನ್ ಎಂಬ ಕಪ್ಪು ಹೆಂಗಸು. 1956ರಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದ, ಹೆಸರೂ ಹಣವೂ ಅತ್ತ ಹರಿಯಿತು. ವಿಲ್ಲಿ ಡಿಕ್ಸನ್ನನ ಹಾಡಿನಿಂದ ತಕ್ಕೊಂಡದ್ದಕ್ಕೆ ಲೆಡ್ ಜೆಪ್ಪೆಲಿನ್ ತಂಡ ಅವನೊಂದಿಗೆ ರಾಜಿ ಮಾಡಿಕೊಂಡದ್ದು 1987ರಲ್ಲಿ, ಅವನು ಕೋರ್ಟು ಹತ್ತಿದ ಮೇಲೆ. ಈ ಕಥೆಗಳನ್ನು ಹುಡುಗರು ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಾರೆ. ಕಪ್ಪು ಚಿರತೆಗಳ ಹೆಸರನ್ನು ಕೇಳಿ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದವರ ಮಕ್ಕಳ ವಾರಿಗೆಯವರು ನಾವು, ನಮಗೂ ಹೊಟ್ಟೆ ಉರಿಯುತ್ತದೆ. ಆದರೆ ಮಿಸಿಸಿಪ್ಪಿಯ ಲೆಕ್ಕ ಅಷ್ಟು ಸರಿಯಾಗಿ ಇಟ್ಟವರಿಗೆ ಉಡುಪಿಯ ಲೆಕ್ಕ ಯಾಕೆ ಮರೆತುಹೋಗುತ್ತದೆ?

2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಂತು. ಅದರ 'ವರಾಹ ರೂಪಂ' ಹಾಡು ತಮ್ಮ 'ನವರಸಂ' ಹಾಡಿನ ನಕಲು ಎಂದು ಕೇರಳದ ರಾಕ್ ತಂಡ ತೈಕ್ಕುಡಂ ಬ್ರಿಡ್ಜ್ ತಕರಾರು ತೆಗೆಯಿತು. ಅಕ್ಟೋಬರಿನಲ್ಲಿ ಕೋಝಿಕ್ಕೋಡಿನ ನ್ಯಾಯಾಲಯ ಹಾಡಿಗೆ ತಡೆ ಕೊಟ್ಟಿತು. ನವೆಂಬರಿನಲ್ಲಿ ಸಿನಿಮಾ ಮನೆಮನೆಯ ಪರದೆಗೆ ಬಂದಾಗ ಹಾಡಿನ ರೂಪವೇ ಬದಲಾಗಿತ್ತು, ಆಮೇಲೆ ಹಳೆಯದು ಮರಳಿತು. ಆ ಎರಡು ತಿಂಗಳು ಚಾದಂಗಡಿ ನ್ಯಾಯಾಲಯವಾಗಿತ್ತು. ರಾಗ ಒಂದೇ ಆದ್ದರಿಂದ ಹೋಲುತ್ತದೆ ಎಂದು ಒಂದು ಪಕ್ಷ, ಗಿಟಾರಿನ ಜೋಡಣೆಯೇ ಕದ್ದದ್ದು ಎಂದು ಇನ್ನೊಂದು ಪಕ್ಷ. ಸ್ವತಂತ್ರ ಕಲಾವಿದನಿಗೆ ಅನ್ಯಾಯವಾಯಿತೆಂದು ಹುಡುಗರು ಮುಷ್ಟಿ ಬಿಗಿದರು. ಸರಿ, ಆಗಿದ್ದರೆ ಅವರಿಗೆ ನ್ಯಾಯ ಸಿಗಲಿ. ಆದರೆ ಆ ಸಿನಿಮಾ ನಿಂತದ್ದು ಯಾವುದರ ಮೇಲೆ? ಕೋಲದ ಮೇಲೆ. ಕೋಲ ಕಟ್ಟುವವರು ಯಾರು? ನಲಿಕೆಯವರು, ಪಂಬದರು, ಪರವರು. ತೆಂಬರೆಯ ಗತ್ತು ಯಾರದು? ಪಾಡ್ದನವನ್ನು ಬಾಯಿಂದ ಬಾಯಿಗೆ ದಾಟಿಸಿ ಇಂದಿನವರೆಗೆ ತಂದ ಹೆಂಗಸರು ಯಾರು? ಅವರ ಹೆಸರಿನಲ್ಲಿ ಯಾವ ವಕೀಲ, ಯಾವ ಕೋರ್ಟಿಗೆ ಹೋದ? ನೂರಾರು ಕೋಟಿ ಎಣಿಸಿದ ವರ್ಷ ಅದು. ಅದೇ ಅಕ್ಟೋಬರಿನಲ್ಲಿ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಕೊಡುವುದಾಗಿ ಸರ್ಕಾರ ಹೇಳಿತು. ರಾತ್ರಿ ದೈವವಾಗಿ ಧನಿಗೆ ನುಡಿ ಕೊಟ್ಟವನು ಬೆಳಿಗ್ಗೆ ಅದೇ ಮನೆಯ ಅಂಗಳದಲ್ಲಿ ದೂರ ನಿಂತು ಎಲೆಯ ಮೇಲೆ ಕೂಲಿ ತಕ್ಕೊಂಡದ್ದನ್ನು ನಮ್ಮ ನಲಿಕೆ ಗೆಳೆಯ ಕಣ್ಣಾರೆ ಕಂಡಿದ್ದಾನೆ. ದೈವ ಅವನ ಅಪ್ಪ.

ತಮಿಳುನಾಡಿನದನ್ನೂ ಹೇಳಬೇಕು. 2021ರ ಮಾರ್ಚಿನಲ್ಲಿ 'ಎಂಜಾಯ್ ಎಂಜಾಮಿ' ಬಂತು. ಶ್ರೀಲಂಕೆಯ ಚಾತೋಟದಲ್ಲಿ ಸವೆದ ತನ್ನ ಅಜ್ಜಿ ವಳ್ಳಿಯಮ್ಮಾಳ್ ಬದುಕನ್ನು ಅರಿವು ಎಂಬ ದಲಿತ ಕವಿ ಹಾಡಿಗಿಳಿಸಿದ. ಅದೇ ವರ್ಷದ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಭಾರತದ ಆವೃತ್ತಿ ಮುಖಪುಟದಲ್ಲಿ ಜತೆಗೆ ಹಾಡಿದ ಧೀ ಇದ್ದಳು, ಇನ್ನೊಬ್ಬ ಗಾಯಕನಿದ್ದ, ಬರೆದವನಿರಲಿಲ್ಲ. ಪಾ. ರಂಜಿತ್ ಕೇಳಿದ ಮೇಲೆ, ಜನ ಕೂಗಿದ ಮೇಲೆ ಅರಿವುವಿಗೂ ಒಂದು ಮುಖಪುಟ ಮಾಡಿದರು. 2024ರಲ್ಲಿ ಸಂಗೀತಗಾರ ಸಂತೋಷ್ ನಾರಾಯಣನ್, ಈ ಹಾಡಿನಿಂದ ತಮಗೆ ಒಂದು ಪೈಸೆಯೂ ಬಂದಿಲ್ಲವೆಂದು ಬಹಿರಂಗವಾಗಿ ಹೇಳಿದರು. ಸ್ವತಂತ್ರ ಕಲಾವಿದರಿಗಾಗಿಯೇ ಹುಟ್ಟಿದ ವೇದಿಕೆ ಅದು! ಮುಖಪುಟ ಯಾರದು, ಪೈಸೆ ಯಾರದು ಎಂದು ಕೇಳದ ವಿಮರ್ಶೆ ಹತ್ತಕ್ಕೆ ಒಂಬತ್ತು ಕೊಟ್ಟರೆಷ್ಟು, ಬಿಟ್ಟರೆಷ್ಟು.

ಇನ್ನು ನಮ್ಮವರ ಕಡೆಗೆ. ನಮ್ಮ ಹಿರಿಯ ಸಂಗಾತಿಗಳು ಕೆಲವರಿಗೆ ಇದೆಲ್ಲ ಸಾಮ್ರಾಜ್ಯಶಾಹಿಯ ಗದ್ದಲ. "ತಮ್ಮಾ, ಹೊಟ್ಟೆಗಿಲ್ಲದವನಿಗೆ ಗಿಟಾರು ಎಂತಕ್ಕೆ?" ಎಂದು ಕೇಳುತ್ತಾರೆ. ಅಣ್ಣಂದಿರೇ, ನಿಮ್ಮ ಕೈಯಲ್ಲಿ ತಮಟೆ ಕಂಡಾಗ ಇದೇ ಮಾತನ್ನು ಊರಗೌಡ ಹೇಳಿರಲಿಲ್ಲವೆ? ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಮಾತ್ರ ಬಾರಿಸು ಎಂದವರ ಎದುರು ನೀವು ಅದನ್ನು ಮೆರವಣಿಗೆಯ ಮುಂದೆ ತಂದಿರಿ. ತಮಟೆಯನ್ನು ಚಾಕರಿಯಿಂದ ಬಿಡಿಸಿದವರು ನೀವು. ನಮ್ಮನ್ನು ಮಾತ್ರ ತಮಟೆಗೇ ಕಟ್ಟಿಹಾಕಬೇಡಿ. ದಲಿತನಿಗೆ ಜಾನಪದವೇ ಸಾಕು, ಅದೇ ಅವನ ಅಸಲು ಎನ್ನುವುದು ಕೂಡ ಒಂದು ಕೇರಿ. ಚೆನ್ನೈಯಲ್ಲಿ 2018ರ ಜನವರಿಯಲ್ಲಿ ಕಾಸ್ಟ್‌ಲೆಸ್ ಕಲೆಕ್ಟಿವ್ ವೇದಿಕೆ ಹತ್ತಿದಾಗ ಸಾವಿನ ಮನೆಯ ವಾದ್ಯಗಳು, ಗಾನಾ ಹಾಡು, ರ‍್ಯಾಪು, ರಾಕ್ ಗಿಟಾರು ಒಟ್ಟಿಗೇ ನಿಂತವು. ಜಾತಿಯಿಲ್ಲದವರು ಎಂಬ ಆ ಹೆಸರು ಅಯೋತಿದಾಸ ಪಂಡಿತರ ಮಾತಿನಿಂದ ಬಂದದ್ದು. ಅವರು ಯಾವ ವಾದ್ಯಕ್ಕೂ ಜಾತಿ ಸರ್ಟಿಫಿಕೇಟು ಕೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ನಾವೊಂದು ಕೆಲಸ ಮಾಡಿದೆವು. ನಮ್ಮಲ್ಲೊಬ್ಬನ ಅಜ್ಜ ಡೋಲು ಬಾರಿಸುವವರು. ಎಪ್ಪತ್ತು ದಾಟಿದೆ, ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಅವರ ಜಗಲಿಯಲ್ಲಿ ಕೂತು, ಚಾದಂಗಡಿಯವರು ಎಂಟು ಅಂಕ ಕೊಟ್ಟ ಆ ಆಲ್ಬಮ್ಮನ್ನೇ ಸ್ಪೀಕರಿನಲ್ಲಿ ಹಾಕಿದೆವು. ಅಜ್ಜ ಎಲೆಯಡಿಕೆ ಹಾಕಿಕೊಂಡು ಮೊದಲನೆಯದು, ಎರಡನೆಯದು ಕೇಳಿದರು. ಮೂರನೆಯದಕ್ಕೆ ತಲೆ ಎತ್ತಿ, "ಇವ ಬಾರಿಸುವವ ಮನುಷ್ಯನಾ, ಮೆಷಿನಾ?" ಎಂದರು. ಯಾಕಜ್ಜ ಎಂದರೆ, "ಅಲ್ಲ ಮಾರಾಯ, ಅವನ ಕೈ ದಣಿಯುವುದೇ ಇಲ್ಲವಲ್ಲ. ಕೈ ದಣಿದಲ್ಲಿ ಪೆಟ್ಟು ಬೇರೆ ಬರ್ತದೆ. ಆಗ ಹಾಡುವವನಿಗೂ ಗೊತ್ತಾಗ್ತದೆ ಉಸಿರು ತೆಗೀಲಿಕ್ಕೆ. ಇವನ ಒಟ್ಟಿಗೆ ಕುಣಿಯುವವ ಸಾಯ್ತಾನೆ." ನಾವು ಹುಡುಕಿ ನೋಡಿದೆವು. ಆ ಹಾಡಿನ ಡ್ರಮ್ಮು ಯಂತ್ರದ್ದೇ. ಅಷ್ಟು ಜನ ಅಷ್ಟು ದಿನ ಮಾತಾಡಿಯೂ ಆ ಬೆಂಚಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಐದನೇ ಹಾಡು ಅಜ್ಜನಿಗೆ ಹಿಡಿಸಿತು. ಎರಡು ಸಲ ಹಾಕಿಸಿಕೊಂಡರು. ಯಾಕೆ ಹಿಡಿಸಿತೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹಾಗಾಗಿ ಮಳೆ ನಿಂತ ಮೇಲೆ ಪ್ರತಿ ಭಾನುವಾರ ಸಂಜೆ ಅದೇ ಚಾದಂಗಡಿಯಲ್ಲಿ ಅಜ್ಜನನ್ನು ಕೂರಿಸಿಕೊಂಡು ಆಲ್ಬಮ್ ಕೇಳುತ್ತಿದ್ದೇವೆ. ಕಾಲನಿಯ ಹೆಂಗಸರು ಇಬ್ಬರು ಬರತೊಡಗಿದ್ದಾರೆ, ಅವರ ಮಾತು ನಮಗಿಂತ ಖಾರ. ಕೊಚ್ಚಿಯ ಹುಡುಗನೊಬ್ಬ ಎರಡು ವಾರದಿಂದ ಪಕ್ಕದ ಬೆಂಚು ಬಿಟ್ಟು ನಮ್ಮ ಕಡೆ ಕೂರುತ್ತಿದ್ದಾನೆ, ಅಜ್ಜ ಹೇಳಿದ್ದನ್ನು ನಾವು ಅವನಿಗೆ ಇಂಗ್ಲಿಷಿನಲ್ಲಿ, ನಮ್ಮದೇ ಎಳೆತದಲ್ಲಿ, ಹೇಳುತ್ತೇವೆ. ಹಿರಿಯಡ್ಕ, ಕಾರ್ಕಳ, ಕಾಪು ಕಡೆಯ ಗೆಳೆಯರು, ಶಾಲೆಯ ಮೇಷ್ಟ್ರುಗಳು ಬರುವುದಾದರೆ ಐದು ಗಂಟೆಗೆ ಬನ್ನಿ. ಚಾದ ದುಡ್ಡು ಅವರವರದು.